ಬಲಗಡೆಯ ಸೀಟು

ಮನೆ, ಶೆಡ್ಡಿನ ಬಾಗಿಲ ಬಳಿ
ಭಾನುವಾರ ಬೆಳಿಗ್ಗೆ, ಮಾರ್ಚ್ ೧೪

ಪ್ರೀತಿಯ ತಂಗೀ,

ಹೇಗಿದ್ದೀಯ? ಭುಜದ ನೋವು ಇಳಿಯಿತೇ? ಬಿಸಿನೀರಿನ ಶಾಖ ಕೊಡು ಎಂದು ನಾನು ಬರೆದರೆ ನಗುತ್ತೀಯ, ಅದನ್ನೇ ಡಾಕ್ಟರು ಹೇಳಿದರೆ ತಪ್ಪದೆ ಮಾಡುತ್ತೀಯ. ಆದ್ದರಿಂದ ಡಾಕ್ಟರನ್ನೇ ಕೇಳು. ನಿನ್ನ ಯಜಮಾನರು ಬೆಳಗಿನ ವಾಕಿಂಗ್ ಬಿಟ್ಟಿಲ್ಲ ತಾನೆ? ನಾನು ಆರಾಮ. ಮೊಣಕೈ, ಸೊಂಟ, ಎಡಗಣ್ಣು ಇಷ್ಟನ್ನು ಬಿಟ್ಟು ಉಳಿದದ್ದೆಲ್ಲ ಆರಾಮ. ದೊಡ್ಡಮ್ಮನ ಆರೋಗ್ಯ ಮಾತ್ರ ಸ್ವಲ್ಪ ಏರುಪೇರಾಗಿದೆ, ಅದನ್ನು ಆಮೇಲೆ ಬರೆಯುತ್ತೇನೆ.

ಈ ಕಾಗದವನ್ನು ನಿನ್ನ ಮಗಳೂ ಓದಲಿ ಎಂದು ನನ್ನ ಆಸೆ. ಅವಳಿಗಾಗಿ ಹೇಳಿಬಿಡುತ್ತೇನೆ: ದೊಡ್ಡಮ್ಮ ಎಂದರೆ ನಮ್ಮ ಅಮ್ಮನ ಅಕ್ಕ ಅಲ್ಲ, ಐವತ್ತನಾಲ್ಕನೇ ಇಸವಿಯ ಅಮೆರಿಕದ ಕಾರು. ಲೇತ್ ಕೆಲಸಕ್ಕೆ ಸೇರಿದ ಐದನೇ ವರ್ಷ, ಕಾರ್ಖಾನೆಯ ಹಳೇ ಗೋದಾಮಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಅದನ್ನು ಎತ್ತಿನ ಗಾಡಿಗೆ ಕಟ್ಟಿ ಮನೆಗೆ ಎಳೆದು ತಂದಿದ್ದೆ. ಅಮ್ಮ ಹಣೆ ಹಣೆ ಚಚ್ಚಿಕೊಂಡಳು. ನೀನು ಒಂದು ಸುತ್ತು ಹಾಕಿ, ಮುಂದಿನ ಬಂಪರ್ ಮುಟ್ಟಿ ನೋಡಿ, "ಇಷ್ಟು ದಪ್ಪ, ಮೈತುಂಬಾ ಬೆಳ್ಳಿ, ಕೂತ್ರೆ ಏಳೋದಿಲ್ಲ. ಇವಳು ದೊಡ್ಡಮ್ಮನೇ ಕಣೋ ಅಣ್ಣ" ಎಂದೆ. ಅಂದು ಇಟ್ಟ ಹೆಸರು ಇಂದಿಗೂ ನಿಂತಿದೆ.

ಅವಳ ಸಿಡುಕೆಲ್ಲ ನಿನಗೆ ಗೊತ್ತಿದ್ದದ್ದೇ. ಏರು ಹತ್ತುವಾಗ ವೈಪರ್ ನಿಂತುಬಿಡುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮತ್ತೆ ಆಡುತ್ತದೆ, ಅಷ್ಟರಲ್ಲಿ ಗಾಡಿ ನಿಲ್ಲುತ್ತದೆ. ಕಣ್ಣು ಬೇಕೋ ಕಾಲು ಬೇಕೋ ಎಂದು ಕೇಳಿದ ಹಾಗೆ. ಎಡಗಡೆ ಚಕ್ರಗಳ ನಟ್ಟನ್ನು ಎಲ್ಲರೂ ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ. ಹೋದ ವರ್ಷ ಹೊಸ ಪಂಕ್ಚರ್ ಅಂಗಡಿಯವನಿಗೆ ಮೊದಲೇ ಹೇಳಿದೆ. "ನಲವತ್ತು ವರ್ಷದಿಂದ ಇದೇ ಕೆಲಸ ಸಾರ್" ಎಂದು ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಎರಡು ಬೋಲ್ಟು ಮುರಿದ. ಆಮೇಲೆ ಅವನೇ ಬೇಜಾರು ಮಾಡಿಕೊಂಡು ಕೂತ, ನಾನೇ ಚಹಾ ಕುಡಿಸಿ ಸಮಾಧಾನ ಮಾಡಬೇಕಾಯಿತು. ಆ ಎರಡು ಬೋಲ್ಟನ್ನು ಲೇತಿನಲ್ಲಿ ನಾನೇ ಕಡೆದು ಕೂರಿಸಿದೆ.

ಎಲ್ಲಕ್ಕಿಂತ ದೊಡ್ಡ ತಾಪತ್ರಯ ಸ್ಟೀರಿಂಗ್ ಎಡಗಡೆ ಇರುವುದು. ನಮ್ಮಲ್ಲಿ ಗಾಡಿಗಳೆಲ್ಲ ರಸ್ತೆಯ ಎಡಕ್ಕೇ ಓಡುವುದರಿಂದ, ಮುಂದೆ ಲಾರಿ ಸಿಕ್ಕರೆ ಚಾಲಕನ ಕಣ್ಣಿಗೆ ಲಾರಿಯ ಹಿಂಬದಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಬಲಗಡೆ ಕೂತವರು ತಲೆ ಹೊರಗೆ ಹಾಕಿ ನೋಡಿ ಹೇಳಬೇಕು. ಆ ಸೀಟು ನಿನ್ನದಾಗಿತ್ತು. ಜಡೆಯನ್ನು ಕುಪ್ಪಸದೊಳಗೆ ಸೇರಿಸಿಕೊಂಡು, ಕಣ್ಣು ಕಿರಿದು ಮಾಡಿ, "ತಾಳು... ತಾಳು... ಒಂದು ಬಸ್ಸು... ಹಾಂ, ಹೋಗು ಅಣ್ಣ" ಎನ್ನುತ್ತಿದ್ದೆ. ನಾನು ಹೋಗುತ್ತಿದ್ದೆ. ಎರಡು ವರ್ಷ ನಿನ್ನ ಕಣ್ಣಿನಿಂದ ಗಾಡಿ ಓಡಿಸಿದ್ದೇನೆ. ಈಗ ಆ ಸೀಟಿನ ಮೇಲೆ ಸ್ಪ್ಯಾನರ್ ಚೀಲ ಕೂರುತ್ತದೆ. ತಿಂಗಳಿಗೊಮ್ಮೆ ಹೆದ್ದಾರಿಗೆ ಹೋಗುತ್ತೇನೆ, ಒಬ್ಬನೇ. ಲಾರಿ ಸಿಕ್ಕರೆ ಅದರ ಹಿಂದೆಯೇ ಇರುತ್ತೇನೆ, ಅದು ತಿರುಗುವವರೆಗೂ. ನನ್ನ ಹಿಂದೆ ಹಾರ್ನ್ ಹೊಡೆಯುವವರು ಹೊಡೆಯುತ್ತಾರೆ. ಲಾರಿಗಳ ಹಿಂದೆ ಬರೆದಿರುವುದನ್ನೆಲ್ಲ ಓದಿ ಓದಿ ನನಗೆ ಬಾಯಿಪಾಠವಾಗಿದೆ.

ನಾನು ಮದುವೆಯಾಗಲಿಲ್ಲ ಎಂದು ನೀನು ಬಹಳ ವರ್ಷ ಬೈದೆ, ಆಮೇಲೆ ಬೈಯುವುದನ್ನೂ ಬಿಟ್ಟೆ. ಜನ ನನಗೆ ಗಾಡಿಯ ಹುಚ್ಚು ಎನ್ನುತ್ತಾರೆ, ನಿಜವೇ. ಆದರೆ ಹುಚ್ಚನಿಗೂ ಸಂಜೆ ನಾಲ್ಕು ಮಾತು ಬೇಕಾಗುತ್ತದೆ. ಅಮ್ಮ ಇರುವವರೆಗೂ ಶೆಡ್ಡಿನಿಂದ ಒಳಗೆ ಬಂದರೆ "ಕೈ ತೊಳ್ಕೊ" ಎನ್ನುವ ಒಂದು ದನಿಯಿತ್ತು. ಅವಳು ಹೋಗಿ ಮೂರು ವರ್ಷ. ಈಗಲೂ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ, ಯಾರಾದರೂ ಹೇಳಲಿ ಎಂದು. ಯಾರೂ ಹೇಳುವುದಿಲ್ಲ, ನಾನೇ ಹೋಗಿ ತೊಳೆದುಕೊಳ್ಳುತ್ತೇನೆ.

ಅಮ್ಮನ ಮಾತು ಬಂದ ಮೇಲೆ ಆ ದಿನದ ಮಾತೂ ಬರಬೇಕು. ನಿನ್ನ ಮಗಳಿಗೆ ಇದನ್ನೆಲ್ಲ ನೀನು ಹೇಳಿದ್ದೀಯೋ ಇಲ್ಲವೋ. ಚಿಕ್ಕಪ್ಪನ ಮಗನ ಮದುವೆಗೆ ಹೊರಟಿದ್ದೆವು. ನೀನು ಬಲಗಡೆ, ಅಮ್ಮ ಹಿಂದೆ. ಮುಂದೆ ಇಟ್ಟಿಗೆ ಲಾರಿ. ನೀನು ನೋಡಿ "ಹೋಗು" ಎಂದೆ, ನಾನು ಬಲಕ್ಕೆ ತೆಗೆದೆ, ಅರ್ಧ ದಾಟಿದ್ದೆವು, ಹೊಲದ ದಾರಿಯಿಂದ ಒಂದು ಟ್ರ್ಯಾಕ್ಟರ್ ರಸ್ತೆಗೆ ಇಳಿಯಿತು. ನಾವು ಮೋರಿಯ ಕಟ್ಟೆಗೆ ಹೋಗಿ ಬಡಿದೆವು. ನಿನಗೂ ನನಗೂ ತರಚಿದ ಗಾಯ. ಅಮ್ಮನ ಮೊಣಕಾಲು ಮತ್ತೆ ಮಡಚಲಿಲ್ಲ. ಇಪ್ಪತ್ತೆಂಟು ವರ್ಷ ಅವಳು ಕಾಲು ನೀಡಿಕೊಂಡೇ ಕೂತಳು, ಕೋಲು ಹಿಡಿದೇ ನಡೆದಳು. ನೀನು ಮತ್ತೆ ದೊಡ್ಡಮ್ಮನನ್ನು ಹತ್ತಲಿಲ್ಲ. ಬಸ್ಸಿನಲ್ಲೂ ಹಿಂದಿನ ಸೀಟು ಹುಡುಕಿಕೊಂಡು ಹೋಗುವುದನ್ನು ನಾನು ನೋಡಿದ್ದೇನೆ. ಡ್ರೈವಿಂಗ್ ಕಲಿಸು ಎಂದು ನನ್ನ ಪ್ರಾಣ ತಿನ್ನುತ್ತಿದ್ದವಳು ಆಮೇಲೆ ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ.

ನಾನು ನಿನ್ನನ್ನು ಒಂದು ಮಾತೂ ಅನ್ನಲಿಲ್ಲ. ಇಡೀ ಬಳಗ ಅದನ್ನು ಹೇಳಿಕೊಂಡು ಹೊಗಳಿತು, ಎಂಥಾ ದೊಡ್ಡ ಮನಸ್ಸು ಎಂದು. ಅಮ್ಮ ಹೋದ ಮಾರನೇ ದಿನ ಹಿತ್ತಿಲಲ್ಲಿ ನೀನು "ಅಮ್ಮನ ಕಾಲು ನನ್ನ ಬಾಯಿಂದಲೇ ಹೋಯ್ತಲ್ಲ ಅಣ್ಣ" ಎಂದು ಅತ್ತಾಗ, "ಆಗಿದ್ದು ಆಗಿಹೋಯ್ತು, ಬಿಡು" ಎಂದೆ. ನೀನು ನನ್ನ ಕೈ ಹಿಡಿದುಕೊಂಡೆ.

ಈಗ ದೊಡ್ಡಮ್ಮನ ಆರೋಗ್ಯ. ನಾಲ್ಕು ತಿಂಗಳ ಹಿಂದೆ ಮುಂದಿನ ಎಡಚಕ್ರದ ಒಳಮೈಯಲ್ಲಿ ಒಂದು ಒದ್ದೆ ಕಲೆ ಕಂಡಿತು, ಅಂಗೈಯಷ್ಟು. ಬ್ರೇಕ್ ಆಯಿಲ್ ಸೋರುತ್ತಿದೆ. ಅಲ್ಲಿಂದ ಒಂದು ಗಜವೂ ಓಡಿಸಿಲ್ಲ. ಸಾಮಾನು ಕಡಲಾಚೆಯಿಂದ ಬರಬೇಕು. ಏಳು ವಾರ ಬೇಕೆಂದವರು ಐದರಲ್ಲೇ ಕಳಿಸಿದರು, ಬಲಗಡೆಯದ್ದನ್ನು. ಮತ್ತೆ ಬರೆದು ಎಡಗಡೆಯದ್ದನ್ನು ತರಿಸಿ ಕೂರಿಸಿದೆ. ಇನ್ನು ಉಳಿದದ್ದು ಪೈಪಿನಲ್ಲಿ ಸೇರಿದ ಗಾಳಿ ತೆಗೆಯುವುದು. ಅದು ಒಬ್ಬರಿಂದ ಆಗುವ ಕೆಲಸವಲ್ಲ ಎಂದು ನಿನಗೆ ನೆನಪಿರಬೇಕು. ಒಬ್ಬರು ಮೇಲೆ ಕೂತು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ತಿರುಪು ಸಡಿಲಿಸಬೇಕು, ಗುಳ್ಳೆ ಹೊರಟ ಮೇಲೆ ಬಿಗಿಮಾಡಿ "ಬಿಡು" ಎನ್ನಬೇಕು. ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಪಕ್ಕದ ಮನೆಯ ರಿಟೈರಾದ ಪೋಸ್ಟ್‌ಮ್ಯಾನ್ ಪಾಪ ಬಂದು ಕೂತರು. ನಾನು ಕೆಳಗಿನಿಂದ "ಹಿಡಿದಿದ್ದೀರಾ?" ಎಂದು ಕೇಳಿದಾಗಲೆಲ್ಲ "ಏನಂದ್ರಿ?" ಎಂದು ಕಾಲು ತೆಗೆದು, ಬಾಗಿಲು ತೆರೆದು ಬಗ್ಗಿ ನೋಡುತ್ತಾರೆ. ನಾಲ್ಕು ಸಲ ಹಾಗಾಯಿತು. ಐದನೇ ಸಲ ಅವರಿಗೆ ಮನೆಯಿಂದ ಊಟಕ್ಕೆ ಕರೆ ಬಂತು.

ನಿನ್ನೆ ಕೋಲೊಂದನ್ನು ಸೀಟಿಗೂ ಪೆಡಲಿಗೂ ನಡುವೆ ಕೊಟ್ಟು ಒಬ್ಬನೇ ಪ್ರಯತ್ನಿಸಿದೆ. ನೀನು ಮೇಲೆ ಕೂತಿದ್ದಾಗ ಪೆಡಲ್ ಹಿಡಿದು "ಇದ್ದೀನಿ" ಎನ್ನುತ್ತಿದ್ದೆ. ನಿನ್ನೆ ಕೆಳಗೆ ಮಲಗಿ, ಸ್ಪ್ಯಾನರ್ ಕೈಯಲ್ಲಿ ಹಿಡಿದು, ಅಭ್ಯಾಸಬಲದಿಂದ "ಇದ್ದೀಯಾ?" ಎಂದು ಕೇಳಿಬಿಟ್ಟೆ. ಆಮೇಲೆ ಬಹಳ ಹೊತ್ತು ಅಲ್ಲೇ ಮಲಗಿದ್ದೆ ತಂಗೀ. ಕೋಲು ಜಾರಿ ಬಿದ್ದಾಗ ಎದ್ದು ಬಂದೆ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮಗಳು ಕಾರು ಕಲಿಯುತ್ತಿದ್ದಾಳೆ ಎಂದು ಓದಿ ಬಹಳ ಖುಷಿಪಟ್ಟೆ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಬೇಡ ಎಂದು ಮಾವ ಹೇಳಿದನೆಂದು ಹೇಳು. ನಿನ್ನನ್ನು ಪಕ್ಕದಲ್ಲಿ ಕೂರು ಎಂದು ಅವಳು ಕರೆದಳು, "ನನ್ನ ಮಾತು ನಂಬಿ ಗಾಡಿ ಓಡಿಸಬಾರದು ಅಂತ ನಿಮ್ಮ ಮಾವನಿಗೆ ಗೊತ್ತು" ಎಂದು ನೀನು ಹಿಂದೆ ಹೋಗಿ ಕೂತೆ ಎಂದು ಬರೆದಿದ್ದೀಯ. ನಗುತ್ತಾ ಬರೆದ ಹಾಗಿದೆ. ನನಗೆ ನಗು ಬರಲಿಲ್ಲ. ಆ ಸಾಲನ್ನು ದಿನವೂ ಓದುತ್ತಿದ್ದೇನೆ.

ಮಾವನ ಮನೆಯ ಸೀಬೆಗಿಡ ಈ ಸಲ ತುಂಬಾ ಬಿಟ್ಟಿದೆ, ತಿನ್ನುವವರಿಲ್ಲ ಎಂದು ಮಗಳಿಗೆ ತಿಳಿಸು. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ. ಮಗಳಿಗೆ ಆಶೀರ್ವಾದ, ಅವಳ ಕೈಗೂ ಕಾಲಿಗೂ ಸೇರಿಸಿ. ನೀನು ಭುಜ ಜೋಪಾನ ಮಾಡಿಕೋ.

ಇಂತಿ ನಿನ್ನ
ಅಣ್ಣ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಬರೆಯಲು ಕೂತದ್ದೇ ಇದಕ್ಕೆ, ಇಷ್ಟು ಹೊತ್ತು ತಪ್ಪಿಸಿಕೊಂಡೆ. ಆ ದಿನ ನೀನು "ಹೋಗು" ಎಂದಾಗ ರಸ್ತೆ ಖಾಲಿ ಇತ್ತು. ಟ್ರ್ಯಾಕ್ಟರ್ ಕಂಡ ಕೂಡಲೇ "ತಾಳು" ಎಂದೆ, ಸರಿಯಾದ ಹೊತ್ತಿಗೇ ಎಂದೆ. ಬ್ರೇಕ್ ಹಿಡಿದಿದ್ದರೆ ಲಾರಿಯ ಹಿಂದಕ್ಕೆ ಸರಿದುಬಿಡಬಹುದಿತ್ತು. ಹಿಡಿಯಲಿಲ್ಲ, ಪೆಡಲ್ ನೆಲಕ್ಕೆ ಹೋಯಿತು. ಅಂದು ಬೆಳಿಗ್ಗೆ ಇದೇ ಚಕ್ರದಲ್ಲಿ ಇದೇ ಒದ್ದೆ ಕಲೆ ನೋಡಿದ್ದೆ. ಬಟ್ಟೆಯಲ್ಲಿ ಒರೆಸಿ, ಆಯಿಲ್ ತುಂಬಿಸಿ ಹೊರಟೆ. ಮದುವೆಮನೆಯ ಮುಂದೆ ದೊಡ್ಡಮ್ಮನಿಂದಲೇ ಇಳಿಯಬೇಕೆಂಬ ಜಂಬ. ಆಮೇಲೆ ಗಾಡಿ ರಿಪೇರಿ ಮಾಡಿದವನೂ ನಾನೇ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ನೀನು ಅತ್ತು ಕ್ಷಮೆ ಕೇಳಿದೆ, ನಾನು ಕ್ಷಮಿಸಿದವನ ಹಾಗೆ ಮೂವತ್ತೊಂದು ವರ್ಷ ಕೂತೆ. ನನ್ನನ್ನು ಏನು ಮಾಡುತ್ತೀಯೋ ಆಮೇಲೆ ಯೋಚಿಸು, ಕಾಗದ ಬರೆಯದಿದ್ದರೂ ಸರಿ. ಇದನ್ನು ಮಗಳಿಗೆ ಓದಿ ಹೇಳು, ಹೇಳಿ ಇವತ್ತೇ ಅವಳ ಪಕ್ಕದಲ್ಲಿ ಮುಂದೆ ಕೂತುಕೋ.