ಬಾಸಿಂಗ ಮತ್ತು ಫಿಯೆಟ್ಟಿನ ಟಾಪು

ತುರುವನೂರು
12-2-2025

ಮಾಡದಕೆರೆಯ ಕಾಟಯ್ಯನಿಗೆ ಜುಂಜಣ್ಣ ಬರೆಯುವುದು.

ನನ್ನ ಕೈಯಲ್ಲಿ ಕಾಗದ ಬರೆಸುತ್ತಿದ್ದೀಯಲ್ಲ, ನಿನಗೆ ಬುದ್ಧಿ ಇದೆಯೇ? ನಾಲ್ಕನೇ ಕ್ಲಾಸಿಗೇ ಸ್ಲೇಟು ಎಸೆದು ಕುರಿ ಹಿಂದೆ ಹೋದವನು ನಾನು. ಫೋನಿನಲ್ಲಿ ನನ್ನ ಕೂಗಾಟ ಕೇಳಲಾರೆ, ಏನಿದ್ದರೂ ಬರೆದು ಕಳಿಸಲಿ ಅಂತ ನೀನೇ ನಿನ್ನ ಮಗ ಹರೀಶನ ಹತ್ತಿರ ಹೇಳಿ ಕಳಿಸಿದೆ. ತಗೋ, ಬರೆದಿದ್ದೇನೆ.

ನಿನ್ನ ಮಗಳು ಕೀರ್ತನಾಳ ಮದುವೆಗೆ ಬಾಸಿಂಗ ಕಟ್ಟುವುದನ್ನು ಬೇರೆಯವರಿಗೆ ಒಪ್ಪಿಸಿದ್ದೀಯಂತೆ. ಅವಳ ಸೋದರಮಾವ ನಾನಿನ್ನೂ ಬದುಕಿದ್ದೇನೆ. ನಾನು ಕಟ್ಟಿದ್ದು ಒಮ್ಮೆ ಮುರಿದಿದೆ, ಇನ್ನೊಂದು ಸಲ ಆ ಕೈ ಬೇಡ ಅಂದೆಯಂತೆ.

ಹಾಗಾದರೆ ಆ ದಿನದ ಮಾತೇ ಆಡೋಣ. ನನ್ನ ತಂಗಿ ನೇತ್ರಾವತಿಯನ್ನು ನಿನಗೆ ಕೊಟ್ಟ ದಿನ. ಅವಳಿಗೆ ಸೋದರಮಾವ ಇಲ್ಲದ್ದಕ್ಕೆ ಅಣ್ಣನಾದ ನಾನೇ ಹಣೆಗೆ ಗೇಣೆತ್ತರದ ಬೆಂಡಿನ ಬಾಸಿಂಗ ಕಟ್ಟಿದೆ. ನಮ್ಮಪ್ಪ ಕುರಿ ಹಿಂಡು ಮಾರಿ ಹಿರಿಯೂರಿನಲ್ಲಿ ಕೊಂಡ ಮೋರಿಸ್ ಕಾರನ್ನು ತೊಳೆದು, ಚೆಂಡುಹೂ ಕಟ್ಟಿ ನಿಲ್ಲಿಸಿದ್ದೆ. ನಿಮ್ಮವ್ವ ನೋಡಿ, "ಈ ಎಮ್ಮೆ ಪಾತ್ರೆ ಹೊರ್ಲಿ. ಹೆಣ್ಣು ಗಂಡು ನಮ್ ಫಿಯೆಟ್ಟಿನಾಗೆ ಬರ್ತಾರೆ" ಅಂದಳು. ನಾನು ಕೊಪ್ಪರಿಗೆ ತುಂಬಿಕೊಂಡು ನಿಮ್ಮ ಹಿಂದೆ ಧೂಳು ಕುಡಿಯುತ್ತಾ ಬಂದೆ. ಹೊಳಲ್ಕೆರೆ ದಾಟಿದ ಮೇಲೆ ಸೇತುವೆ ದಿಬ್ಬದಲ್ಲಿ ನಿಮ್ಮ ಕಾರು ಎಗರಿತು. ಮಾಡದಕೆರೆಯಲ್ಲಿ ಇಳಿದರೆ ತಂಗಿಯ ಬಾಸಿಂಗ ಎರಡು ತುಂಡು. ಕಟ್ಟಿದವನ ಕೈಯೇ ದರಿದ್ರದ್ದು ಅಂತ ನಿಮ್ಮವ್ವ ಹೊಸಿಲಲ್ಲಿ ನಿಂತು ನಮ್ಮ ಜನರೆಲ್ಲರ ಮುಂದೆ ಅಂದಳು. ಅಂದಿನಿಂದ ನನ್ನನ್ನು ಯಾರೂ ಬಾಸಿಂಗ ಮುಟ್ಟಲು ಬಿಟ್ಟಿಲ್ಲ.

ಎರಡೂ ಕಾರು ಓಡಿಸಿದವನು ನಾನು. ನಿನ್ನ ಫಿಯೆಟ್ ಹಗುರ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಗೇರು ಬೆಣ್ಣೆಯ ಹಾಗೆ ಬೀಳುತ್ತದೆ. ಒಪ್ಪಿದೆ. ನನ್ನ ಮೋರಿಸ್ಸಿನ ಸ್ಟೇರಿಂಗ್ ತಿರುಗಿಸಿದರೆ ರಟ್ಟೆ ನೋಯುತ್ತದೆ. ಆದರೆ ಅದರ ಹಿಂದಿನ ಸೀಟಿನಲ್ಲಿ ರುಮಾಲು ಸುತ್ತಿದ ಗಂಡಸು ನೆಟ್ಟಗೆ ಕೂರಬಹುದು. ಫಿಯೆಟ್ಟಿನ ಟಾಪು ತಗ್ಗು. ಇಟಲಿಯವನದು ತಪ್ಪಿಲ್ಲ, ಅವನು ಬಾಸಿಂಗ ಎಲ್ಲಿ ಕಂಡಿದ್ದ? ಮದುಮಗಳನ್ನು ಅದರೊಳಗೆ ತುರುಕಿದವರದು ತಪ್ಪು.

ವೀಳ್ಯಶಾಸ್ತ್ರದ ದಿನ ಫಿಯೆಟ್ ತಗೊಂಡು ಬಾ. ಹಿರಿಯರೆಲ್ಲರ ಮುಂದೆ ಬಾಸಿಂಗ ಕಟ್ಟಿಕೊಂಡು ನೀನೇ ಹಿಂದೆ ಕೂರು. ಅದೇ ದಿಬ್ಬದ ಮೇಲೆ ನಾನು ಓಡಿಸುತ್ತೇನೆ. ಆಮೇಲೆ ಮೋರಿಸ್ಸಿನಲ್ಲಿ ಕೂರು. ಯಾವುದರಲ್ಲಿ ಮುರಿಯಿತು ಅಂತ ನಿನ್ನ ಬಾಯಿಂದಲೇ ಬರಬೇಕು. ಕೀರ್ತನಾಳಿಗೆ ಬಾಸಿಂಗ ಕಟ್ಟುವವನು ನಾನೇ, ಅವಳು ಹೋಗುವುದು ಮೋರಿಸ್ಸಿನಲ್ಲೇ. ನೀನು ಫಿಯೆಟ್ಟಿಗೆ ಕೊಪ್ಪರಿಗೆ ತುಂಬಿಕೊಂಡು ಹಿಂದೆ ಬಾ, ಧೂಳಿನ ರುಚಿ ನಿನಗೂ ತಿಳಿಯಲಿ. ಆಗುವುದಿಲ್ಲ ಅಂದರೆ, ಗಂಡಿನ ಕಡೆಯವರು ಹಿರಿಯೂರಿನಿಂದ ಬಂದು ಇಳಿದ ಕೂಡಲೇ ಇದನ್ನೆಲ್ಲ ಕೂಗಿ ಹೇಳುತ್ತೇನೆ. ನನ್ನ ಗಂಟಲು ನಿನಗೆ ಗೊತ್ತಿದೆ.

ನಿನ್ನ ಹೆಂಡತಿಯ ಅಣ್ಣ,
ಜುಂಜಣ್ಣ

ಮರೆತ ಮಾತು: ನೇತ್ರಾವತಿ ನಿನಗೆ ಹೇಳಿದ ಹಾಗೆ ಲಗ್ನಪತ್ರಿಕೆ ಹಂಚಲು ದುರ್ಗಕ್ಕೆ ಹೋಗಿಲ್ಲ, ನನ್ನ ಮನೆಯಲ್ಲಿದ್ದಾಳೆ. ನನ್ನ ಕೈ ಬೇಡ ಅಂತ ನೀನು ಹರೀಶನ ಹತ್ತಿರ ಹೇಳಿ ಕಳಿಸಿದ್ದು ಕೇಳಿ ತಾನಾಗಿಯೇ ಬಂದಳು. ಬಾಸಿಂಗ ಟಾಪಿಗೆ ಬಡಿದು ಮುರಿದದ್ದನ್ನು ನೀನು ಪಕ್ಕದಲ್ಲೇ ಕೂತು ನೋಡಿದೆಯಂತೆ. ಇಳಿಯುವ ಮುಂಚೆ ಅವಳ ಕಿವಿಯಲ್ಲಿ, "ಸುಮ್ನಿರು, ಕಾರಿನ ಮರ್ವಾದಿ ಹೋಗ್ತೈತೆ" ಅಂದೆಯಂತೆ. ನಾನು ಇಷ್ಟು ವರ್ಷ ನಿಮ್ಮವ್ವನನ್ನು ಬೈದೆ, ಆ ಮುದುಕಿಗೆ ಗೊತ್ತೇ ಇರಲಿಲ್ಲ. ನೀನು ಹಿರಿಯರ ಮುಂದೆ ಬಾಯಿ ಬಿಡುವವರೆಗೂ ನೇತ್ರಾವತಿ ಮಾಡದಕೆರೆಗೆ ಬರುವುದಿಲ್ಲ. ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬರಬೇಕು.