ಚೌಕ ಅಕ್ಷರದ ಬಸ್ಸು

೧೨ ಜೂನ್ ೨೦೦೧, ಶಿರ್ತಾಡಿ

ಬೆಳಗಿನಿಂದ ಬ್ಲೇಡು, ಸ್ಟೀಲ್ ಸ್ಕೇಲು, ರೇಡಿಯಂ ಶೀಟು. ಬೈಕಿನ ನಂಬರುಗಳು ಮುಗಿದವು. ತಮ್ಮ ಬಾಸಿತ್‌ಗೆ ಮೂಡುಬಿದಿರೆಯಲ್ಲಿ ಸ್ಟಿಕ್ಕರ್ ಅಂಗಡಿ. ಕತ್ತರಿಸುವವಳು ಮನೆಯಲ್ಲಿ ಕೂತ ನಾನು. ‘ಮುರ್ಶಿದಾ ಕತ್ತರಿಸಿದ್ದು’ ಅಂತ ಯಾರಿಗೂ ಗೊತ್ತಿಲ್ಲ, ಇರಲಿ.

ಇವತ್ತು ಪದ್ಮಯ್ಯನವರ ಹೊಸ ಬಸ್ಸಿಗೆ ಹೆಸರು — ‘ಗಗನ’. ಉರುಟು ಅಕ್ಷರ ಕತ್ತರಿಸಿ ಸಾಕಾಗಿದೆ. ಗ್ರಾಫ್ ಶೀಟಿನಲ್ಲಿ ಬರೀ ಚೌಕ ತುಂಬಿಸುತ್ತಾ ಬರೆದೆ. ವಿಡಿಯೋ ಗೇಮಿನಲ್ಲಿ ಇಂಗ್ಲಿಷ್ ಅಕ್ಷರ ಬರುತ್ತದಲ್ಲ, ಹಾಗೆ. ದಪ್ಪ ದಪ್ಪ, ಎಲ್ಲೂ ಬಳುಕಿಲ್ಲ. ಇಟ್ಟಿಗೆ ಪೇರಿಸಿದ್ದೀಯಾ ಅಂತ ಬಾಸಿತ್ ನಕ್ಕ. ಅವನಿಗೇನು ಗೊತ್ತು, ಮಣ್ಣು!

೧೯ ಜೂನ್

ಬಸ್ಸು ನೋಡಿದೆ. ಕಪ್ಪು ಗಾಜಿನ ಮೇಲೆ ಹಳದಿ ‘ಗಗನ’. ಹೆಮ್ಮೆಯಾಯಿತು. ಆಗದೆ ಮತ್ತೆ?

ಪಕ್ಕದ ಮನೆಯ ಸೇಸಮ್ಮನಿಗೆ ನನಗಿಂತ ಖುಷಿ. ಅವರಿಗೆ ಓದು ಬಾರದು. ಕಟ್ಟಿದ ಬೀಡಿ ಕೊಡಲು ಬೆಳುವಾಯಿಯಲ್ಲಿರುವ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಬೇಕು, ಅತ್ತ ತಿರುಗುವ ಬಸ್ಸು ಗಗನ ಒಂದೇ. ಇನ್ನು ಯಾರನ್ನೂ ಕೇಳಬೇಕಿಲ್ಲವಂತೆ. ದೂರದಿಂದಲೇ ಗುರುತು ಸಿಗುತ್ತದೆ ಅಂದರು.

೩ ಆಗಸ್ಟ್

ಎಲ್ಲ ಬಸ್ಸಿನವರಿಗೂ ಅದೇ ಅಕ್ಷರ ಬೇಕಂತೆ. ಇವತ್ತು ಅದೇ ಹಳದಿಯಲ್ಲಿ ‘ಸಮತಾ’ ಮುಗಿಸಿಕೊಟ್ಟೆ. ಬೆರಳಿಗೆ ಎರಡು ಕಡೆ ಬ್ಯಾಂಡೇಜು. ಬೀಗಿದ್ದೇನೆ, ಸುಳ್ಳು ಯಾಕೆ.

೧೧ ಆಗಸ್ಟ್, ಸಂಜೆ

ಸೇಸಮ್ಮ ಗಗನವೆಂದುಕೊಂಡು ಸಮತಾ ಹತ್ತಿದ್ದಾರೆ. ಅದು ಸೀದಾ ಮೂಡುಬಿದಿರೆಗೆ. ಇಳಿದು, ಕೇಳಿ, ಬೆಳುವಾಯಿ ಮುಟ್ಟುವಾಗ ಬ್ರಾಂಚ್ ಮುಚ್ಚಿತ್ತು. ಬೀಡಿ ಕೊಡದೆ ಹೊಸ ಎಲೆ, ಹೊಗೆಸೊಪ್ಪು ಸಿಗುವುದಿಲ್ಲ. ಇನ್ನು ಸೋಮವಾರ ಬ್ರಾಂಚ್ ತೆರೆಯುವವರೆಗೆ ಅವರಿಗೆ ಕೆಲಸವಿಲ್ಲ.

ನಮ್ಮ ಜಗಲಿಗೆ ಬಂದು ಬೀಡಿಯ ಚೀಲ ಇಟ್ಟುಕೊಂಡು ಕೂತರು. “ನಿನ್ನ ಅಕ್ಷರ ನೋಡಿಯೇ ಹತ್ತಿದ್ದು, ಮಗಾ.”

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನಗೆ ಅಳು ಬಂತು.

೧೨ ಆಗಸ್ಟ್

ಗಗನದ ಅಕ್ಷರ ಗಗನಕ್ಕೆ ಮಾತ್ರ, ಸಮತಾದ್ದು ಕಿತ್ತು ಬೇರೆ ಹಾಕುವ ಅಂತ ಬಾಸಿತ್‌ಗೆ ಹೇಳಿದೆ. ಗಿರಾಕಿ ಕೇಳಿದ್ದನ್ನು ಕೊಡಬೇಕು, ಓದು ಬಾರದವರಿಗೆ ನಾವೇನು ಮಾಡುವುದು ಅಂದ. ದೊಡ್ಡ ಮಾತು!

“ಹಾಗಾದರೆ ನೀನೇ ಕತ್ತರಿಸು.” ಬ್ಲೇಡು ಅವನ ಮುಂದಿಟ್ಟೆ.

೨೦ ಆಗಸ್ಟ್

ಬಾಸಿತ್ ಮುಖ ಊದಿಸಿಕೊಂಡು ಬಂದ. ಶೀಟುಗಳು ಹಾಳು, ಬೆರಳೂ ಹಾಳು. ಸೋತೆ ಅನ್ನಲಿಲ್ಲ. “ಸಮತಾದ ಯಜಮಾನರ ಹತ್ತಿರ ಮಾತಾಡಿದ್ದೇನೆ, ಬೇರೆ ನಮೂನೆ ಮಾಡು” ಅಂತ ಕೆಂಪು ಶೀಟು ಇಟ್ಟು ಹೋದ.

ಈ ಸಲವೂ ಚೌಕವೇ. ಆದರೆ ಒಳಗೆ ಟೊಳ್ಳು, ಬರೀ ಅಂಚು, ಗಾಳಿಗೆ ಬಾಗಿದ ಹಾಗೆ ಓರೆ. ಕಾಗದದಲ್ಲಿ ‘ಸಮತಾ’ ಅಂತ ದೊಡ್ಡದಾಗಿ ಬಿಡಿಸಿ ಬಾವಿಕಟ್ಟೆಯ ಹತ್ತಿರ ಎತ್ತಿ ಹಿಡಿದೆ. ಸೇಸಮ್ಮನನ್ನು ಅವರ ಅಂಗಳದ ಆಚೆ ತುದಿಗೆ ಕಳಿಸಿದೆ. ಕೈ ಅಡ್ಡ ಹಿಡಿದು ತುಂಬಾ ಹೊತ್ತು ನೋಡಿದರು.

“ಇದಕ್ಕೆ ನಾನು ಹತ್ತುವುದಿಲ್ಲ,” ಅಂದರು.

ಕೂಡಲೇ ಕೆಂಪು ಶೀಟು ಹರಡಿ ಕೂತೆ. ‘ಸ’ದ ಮೊದಲ ಗೀರು—