ನೆರಳಿನ ಸಂತೆಯನ್ನು ಕಾಣದೆ ಹೋದವರಿಗೆ

ವಿಶ್ವವಿದ್ಯಾಲಯದ ಭೂದೃಶ್ಯ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ

ಮಾನ್ಯರೇ,

ನನ್ನ ಮಗಳು ಸುಳ್ಳು ಬರೆದಿದ್ದಾಳೆ ಎಂದು ತಾವು ಹೇಳಿದ್ದೀರಿ. ಇಷ್ಟು ಒರಟಾಗಿ ಅಲ್ಲ, ನಿಜ. ತಮ್ಮ ಇಂಗ್ಲಿಷಿನ ಒಕ್ಕಣೆಯನ್ನು ಕನ್ನಡಕ್ಕೆ ತಂದರೆ, 'ಸ್ಥಳ ಸಮೀಕ್ಷೆಯು ಬಹುಮಟ್ಟಿಗೆ ಕಲ್ಪಿತವೆಂದು ಕಂಡುಬಂದಿದೆ. ಅಭ್ಯರ್ಥಿಯು ಬೇರೆ ಸ್ಥಳವನ್ನು ಆರಿಸಿಕೊಳ್ಳತಕ್ಕದ್ದು' ಎಂದಾಗುತ್ತದೆ. ಬಿಜಾಪುರ ಜಿಲ್ಲೆಯ ನಮ್ಮ ಇಂಡಿಯಲ್ಲಿ ಅದಕ್ಕೆ ಸುಳ್ಳು ಎನ್ನುತ್ತೇವೆ. ತಾವು ಮೈಸೂರಿನ ಕಡೆಯವರು, ಅಷ್ಟು ದೂರದಲ್ಲಿದ್ದರೂ ಕನ್ನಡ ಪತ್ರಿಕೆ ತರಿಸಿ ಓದುವವರು ಎಂದು ಮಗಳು ಹೇಳಿದ್ದರಿಂದ ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ. ತಮ್ಮ ಜೊತೆಗೆ ನಮ್ಮ ಊರಿನ ಕೆಲವರೂ ಇದನ್ನು ಓದಬೇಕಾಗಿದೆ. ತಪ್ಪು ತಮ್ಮೊಬ್ಬರದೇ ಆಗಿದ್ದರೆ ಅಂಚೆಯ ಲಕೋಟೆ ಸಾಕಾಗುತ್ತಿತ್ತು.

ಮೊದಲು ಈ ಓದಿನ ವಿಷಯ. ಶೈಲಜಾ ಕಟ್ಟಡಶಿಲ್ಪದ ಪದವಿ ಮುಗಿಸಿ ತಮ್ಮ ವಿಭಾಗಕ್ಕೆ ಸೇರುತ್ತೇನೆ ಎಂದಾಗ ಅದನ್ನು ನಾಲ್ಕು ಜನಕ್ಕೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಮುದ್ದೇಬಿಹಾಳದಲ್ಲಿರುವ ನನ್ನ ನಾದಿನಿಯ ಗಂಡ, ಸರಕಾರದಲ್ಲಿ ಆ ಹೆಸರಿನ ಹುದ್ದೆಯೇ ಇಲ್ಲವೆಂದು ಕೂಲಂಕಷವಾಗಿ ವಿಚಾರಿಸಿ ತಿಳಿಸಿದರು. ಬಸವನ ಬಾಗೇವಾಡಿಯಿಂದ ಹೆಣ್ಣು ನೋಡಲು ಬಂದವರಲ್ಲಿ ಹುಡುಗನ ಸೋದರತ್ತೆ ನನ್ನನ್ನು ಪಕ್ಕಕ್ಕೆ ಕರೆದರು.

"ಹುಡುಗಿ ಏನ್ ಕಲ್ಯಾಕತ್ತಾಳ್ರಿ?"

ನಾನು ತಿಳಿದಷ್ಟು ಹೇಳಿದೆ.

"ಅಂದ್ರ ಗಿಡ ಹಚ್ಚೂದು."

"ಗಿಡ ಅಷ್ಟ ಅಲ್ರಿ. ಜಾಗಾ, ನೀರು, ಮಂದಿ ನಡದಾಡೂದು, ಎಲ್ಲಾ ಬರ್ತೈತಿ."

"ನಮ್ಮ ಮನ್ಯಾಗ ಜಾಗಾನೂ ಐತಿ, ನೀರೂ ಐತಿ, ನಡದಾಡಾಕ ಮಂದೀನೂ ಅದಾರ. ಅದರಾಗ ಕಲಿಯೂದೇನೈತ್ರಿ?"

ಪ್ರಾಮಾಣಿಕವಾಗಿ ಹೇಳಬೇಕೆಂದರೆ ಆ ಪ್ರಶ್ನೆ ನನ್ನದೂ ಆಗಿತ್ತು. ನಾನು ಸೊಲ್ಲಾಪುರದ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಚಿತ್ರಕಲೆಯ ತರಗತಿಯಲ್ಲಿ 'ದೃಶ್ಯ' ಬರೆಯಿರಿ ಎಂದರೆ ನಾವೆಲ್ಲ ಎರಡು ಬೆಟ್ಟ ಬರೆಯುತ್ತಿದ್ದೆವು, ನಡುವೆ ಹುಟ್ಟುವ ಸೂರ್ಯ, ಕೆಳಗೆ ಒಂದು ಹೊಳೆ, ದಂಡೆಯ ಮೇಲೆ ಇಳಿಜಾರಾದ ಹೆಂಚಿನ ಮನೆ. ತರಗತಿಯಲ್ಲಿದ್ದ ಯಾರೊಬ್ಬರೂ ಅಂಥ ಬೆಟ್ಟ ಕಂಡಿರಲಿಲ್ಲ. ನಮ್ಮೆಲ್ಲರ ಮನೆಗಳಿಗೂ ಮೇಲುಮುದ್ದೆಯ ಚಪ್ಪಟೆ ಮಣ್ಣಿನ ಮಾಳಿಗೆ. ಆದರೂ ಮಾಳಿಗೆ ಮನೆ ಬರೆಯಬಹುದೆಂದು ಯಾರಿಗೂ ಅನ್ನಿಸಲಿಲ್ಲ. ಹಾಗಾಗಿ ಶೈಲಜಾ ತನ್ನ ಕೊನೆಯ ವರ್ಷದ ಪ್ರಬಂಧಕ್ಕೆ ನನ್ನ ತವರೂರಿನ ಬಯಲನ್ನು ಆರಿಸಿಕೊಂಡಾಗ, "ಅಲ್ಲಿ ನೋಡಾಕ ಏನೈತಿ?" ಎಂದು ನಾನೇ ಕೇಳಿದ್ದೆ. ತಾವು ಈ ವರ್ಷ ಕೇಳಿದ್ದನ್ನು ನಾನು ಹೋದ ವರ್ಷವೇ ಕೇಳಿ ಮುಗಿಸಿದ್ದೇನೆ. ತಮ್ಮ ಮೇಲೆ ನನಗೆ ಪೂರ್ತಿ ಸಿಟ್ಟು ಬರದಿರುವುದಕ್ಕೆ ಅದೇ ಕಾರಣ.

ಮಗಳು ನನ್ನನ್ನು ಸಂತೆಯ ದಿನ ಬೆಳಿಗ್ಗೆ ಕರೆದುಕೊಂಡು ಹೋಗಿ ಕೂರಿಸಿದಳು. ಆ ಊರು ಇಂಡಿಯಿಂದ ಸಿಂದಗಿಗೆ ಹೋಗುವ ಸೀಮೆಯಲ್ಲಿದೆ, ತಾಂಬಾದಿಂದ ಬಹಳ ದೂರವೇನಲ್ಲ. ಹೆಸರು ತಮಗೆ ಗೊತ್ತು. ಊರ ಹೊರಗೆ ಬಯಲು, ಬಯಲಿನಲ್ಲಿ ಮೂರು ಮುದಿ ಬೇವು, ಒಂದು ಹುಣಸೆ. ಹುಟ್ಟಿದಾಗಿನಿಂದ ನೋಡಿದ ಜಾಗ. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿ ಸುಮ್ಮನೆ ಕೂತವಳಲ್ಲ ನಾನು.

ಬೆಳಿಗ್ಗೆ ಮರಗಳ ನೆರಳು ಪಶ್ಚಿಮಕ್ಕೆ ಚಾಚಿರುತ್ತದೆ. ಮಾರುವವರೆಲ್ಲ ಆ ಮಗ್ಗುಲಿಗೆ ಗೋಣಿತಟ್ಟು ಹಾಸಿರುತ್ತಾರೆ. ಹೊತ್ತು ಏರಿದಂತೆ ನೆರಳು ಬುಡದ ಕಡೆಗೆ ಸರಿಯುತ್ತದೆ, ಸಂತೆಯೂ ಸರಿಯುತ್ತದೆ. ಇಳಿಹೊತ್ತಿಗೆ ಇಡೀ ಸಂತೆ ಮರವನ್ನು ಸುತ್ತಿ ಪೂರ್ವಕ್ಕೆ ಬಂದು ಕೂತಿರುತ್ತದೆ. ಪ್ರತಿಯೊಬ್ಬರಿಗೂ ಒಂದು ಮುಂಜಾನೆಯ ಜಾಗ, ಒಂದು ಸಂಜೆಯ ಜಾಗ. ಅದು ಅತ್ತೆಯಿಂದ ಸೊಸೆಗೆ, ಅಪ್ಪನಿಂದ ಮಗನಿಗೆ ಬರುತ್ತದೆ. ಯಾವ ಕಚೇರಿಯಲ್ಲೂ ದಾಖಲೆಯಿಲ್ಲ, ಯಾರೂ ಮೀರುವುದೂ ಇಲ್ಲ. ಲಿಂಬೆಹಣ್ಣು ಮಾರುವ ಹುಲಿಗೆವ್ವ ಬೆಳಿಗ್ಗೆ ರಸ್ತೆಯ ಮಗ್ಗುಲಿಗೆ, ಸಂಜೆ ಹುಣಸೆಯ ಕೆಳಗೆ. ಎತ್ತಿನ ಗೊರಸಿಗೆ ಲಾಳ, ನಮ್ಮ ಮಾತಿನಲ್ಲಿ ನಾಲು, ಬಡಿಯುವ ಚಮನಸಾಬನಿಗೆ ಎತ್ತು ಕೆಡವಲು ಮೆತ್ತನೆಯ ನೆಲ ಬೇಕು, ಅವನದು ಯಾವಾಗಲೂ ನಡುವಿನ ಬೇವು. ನಟ್ಟ ನಡು ಮಧ್ಯಾಹ್ನ ನೆರಳು ಬುಡದಲ್ಲಿ ಮುದುರಿದಾಗ ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಆಗ ವ್ಯಾಪಾರ ನಡೆಯುವುದಿಲ್ಲ, ಮಾತು ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ಅರ್ಧ ಬೀಗತನ ಕುದುರುವುದು ಆ ಹೊತ್ತಿನಲ್ಲಿ. ಉಳಿದರ್ಧ ಮುರಿಯುವುದೂ ಆಗಲೇ.

ಶೈಲಜಾ ಬರೆದದ್ದು ಇದನ್ನು. ಯಾವ ಹೊತ್ತಿಗೆ ನೆರಳು ಎಲ್ಲಿ, ನೆರಳಿನೊಳಗೆ ಯಾರು ಎಲ್ಲಿ ಎಂದು ಹಾಳೆ ಹಾಳೆಯಾಗಿ. ಅವಳ ವಾದ ಸರಳ: ಬೇವಿನ ಮರಗಳು ಮುದಿಯಾಗಿವೆ, ಅವು ಬಿದ್ದ ವರ್ಷವೇ ಸಂತೆಯೂ ಬೀಳುತ್ತದೆ. ಈಗಲೇ ಎಲ್ಲಿ ಸಸಿ ಇಟ್ಟರೆ ಮುಂದೆ ಹುಲಿಗೆವ್ವನ ಸೊಸೆಗೆ ಸಂಜೆಯ ನೆರಳು ಅದೇ ಜಾಗದಲ್ಲಿ ಸಿಕ್ಕೀತು? ಬೇಲಿ ಬೇಡ, ಕಾರಂಜಿ ಬೇಡ, ಹೂವಿನ ಪಾತಿ ಬೇಡ. ಸಸಿಗಳು, ದನಕರುಗಳಿಗೆ ಒಂದು ನೀರಿನ ದೋಣಿ, ಮಿಕ್ಕದ್ದಕ್ಕೆ ಕೈ ಹಚ್ಚಬಾರದು. ಇಷ್ಟು ಕಡಿಮೆ ಮಾಡಲು ಇಷ್ಟು ವರ್ಷ ಓದಬೇಕೇ ಎಂದು ಬಾಗೇವಾಡಿಯ ಅತ್ತೆ ಕೇಳಿಯಾರು. ಓದಬೇಕು ಎಂದು ಈಗ ನನಗನ್ನಿಸುತ್ತದೆ.

ತಾವು ಆ ವರದಿಯನ್ನು ಓದಿ, ಬಿಜಾಪುರಕ್ಕೆ ಬರುವ ಸಂದರ್ಭ ನೋಡಿಕೊಂಡು, ಸಂತೆಯ ದಿನವನ್ನೇ ಆರಿಸಿ, ಊರ ಪಂಚಾಯಿತಿಗೆ ಮುಂಚಿತವಾಗಿ ಒಂದು ಕಾರ್ಡು ಬರೆದಿರಿ. ಎಷ್ಟು ಜನ ಪ್ರಾಧ್ಯಾಪಕರು ಹಾಗೆ ಬಿಸಿಲಿನಲ್ಲಿ ಬಂದು ನೋಡುತ್ತಾರೆ? ಆ ಶ್ರೇಯ ತಮಗೆ ಸಲ್ಲಬೇಕು. ಆ ಕಾರ್ಡೊಂದನ್ನು ಬರೆಯದೆ ಇದ್ದಿದ್ದರೆ.

ಪಂಚಾಯಿತಿಯ ಚೇರಮನ್ ಸಿದ್ದರಾಯ ಸಂಬಂಧದಲ್ಲಿ ನನಗೆ ತಮ್ಮನಾಗಬೇಕು. ಮಗಳು ಆಗ ಕಾಲೇಜಿನಲ್ಲಿದ್ದಳು, ನಾನು ಇಂಡಿಯಲ್ಲಿ. ತಾವು ಬಂದುಹೋದ ಮರುದಿನ ಅವನು ಹೆಗಲಿಗೆ ಹೊಸ ಟವೆಲು ಹಾಕಿಕೊಂಡು ನಮ್ಮ ಮನೆಗೆ ಬಂದ. ಚುನಾವಣೆ ಗೆದ್ದವನ ಮುಖ.

"ಅಕ್ಕಾರ, ಶೈಲಾನ ಸಾಹೇಬ್ರು ಬಂದಿದ್ರು. ಭಾಳ ಖುಷಿ ಆಗಿ ಹೋದ್ರು. ಜಾಗಾ ಹೆಂಗ ಮಾಡಿ ತೋರಿಸೇವಿ ಅಂದ್ರ ನನಗ ಗುರ್ತ ಹತ್ತಲಿಲ್ಲ."

"ಹೆಂಗ ಮಾಡೀರಿ?"

"ಗಿಡಗೋಳಿಗೆ ಸುಣ್ಣ, ಕೆಮ್ಮಣ್ಣು ಪಟ್ಟಿ ಹೊಡಸೇವಿ. ಇಂಡಿಯಿಂದ ಟೆಂಪೋದಾಗ ಕುಂಡ ತರಸೇವಿ, ಬಣ್ಣಬಣ್ಣದ ಎಲಿ. ಒಂದ ಆಡಿನ ಹಿಕ್ಕಿ ಸೈತ ಬಿಟ್ಟಿಲ್ರಿ, ಎಲ್ಲಾ ಬಳದು ಹಾಕೇವಿ."

"ಸಂತಿ?"

"ಸಂತಿ ಒಂದ ದಿನ ಮುಂದಕ್ಕ ಹಾಕಿದ್ವಿರಿ. ಡಂಗುರಾ ಸಾರಿಸಿ."

ನನ್ನ ಕೈಯಲ್ಲಿದ್ದ ಚಹದ ಬಟ್ಟಲನ್ನು ಕೆಳಗಿಟ್ಟೆ. "ಸಂತಿ ನೋಡಾಕ ಬಂದಿದ್ರೋ ಸಿದ್ದರಾಯ."

"ಅವರ ಕಾರ್ಡಿನಾಗ ಜಾಗಾ ನೋಡತೇನಿ ಅಂತ ಬರದಿದ್ರು. ಜಾಗಾದ ಮ್ಯಾಲ ಮಂದಿ ಕುಂತ್ರ ಜಾಗಾ ಹೆಂಗ ಕಾಣಬೇಕ್ರಿ?"

ಈ ತರ್ಕಕ್ಕೆ ತಮ್ಮ ವಿಭಾಗದಲ್ಲಿ ಯಾರಾದರೂ ಉತ್ತರ ಕೊಟ್ಟಾರೇನೋ. ನಾನಂತೂ ಬಂದ ತಮ್ಮನಿಗೆ ಚುರುಮುರಿ ಒಗ್ಗರಣೆ ಹಾಕಿ ಕೊಟ್ಟು, ತಾವು ಏನು ಕೇಳಿದಿರಿ ಎಂದು ವಿಚಾರಿಸಿದೆ. ಇಲ್ಲಿ ಜನ ಬಂದು ಕೂರುತ್ತಾರೆಯೇ, ವ್ಯಾಪಾರ ನಡೆಯುತ್ತದೆಯೇ ಎಂದು ತಾವು ಸ್ಪಷ್ಟವಾಗಿ ಕೇಳಿದಿರಂತೆ. ಒಬ್ಬರೂ ಬರುವುದಿಲ್ಲ, ಯಾವಾಗಲೂ ಹೀಗೇ ಸ್ವಚ್ಛವಾಗಿರುತ್ತದೆ ಎಂದು ಅವನು ಅಷ್ಟೇ ಸ್ಪಷ್ಟವಾಗಿ ಹೇಳಿದನಂತೆ.

"ಯಾಕೋ ಹಂಗ ಹೇಳಿದಿ?"

"ಸರಕಾರಿ ಜಾಗಾದಾಗ ಮಂದಿ ಕುಂದರತಾರೇನು ಅಂತ ಪ್ಯಾಂಟಿನ ಸಾಹೇಬ ಕೇಳಿದ್ರ, ಯಾವ ಶ್ಯಾಣ್ಯಾ ಹೌದಂತಾನ್ರಿ ಅಕ್ಕಾರ? ನಾಳೆ ಎಲ್ಲಾರ್ನೂ ಎಬ್ಬಿಸಿ ಬೇಲಿ ಹಾಕಿದ್ರ?"

ಮಾನ್ಯರೇ, ಇದು ನಗುವ ಮಾತು, ನಾನೂ ನಕ್ಕಿದ್ದೇನೆ. ಆದರೆ ಸ್ವಲ್ಪ ಯೋಚಿಸಿ. ಜೀಪು, ಟೋಪಿ, ಕಡತ ಹಿಡಿದ ಜೊತೆಗಾರ, ಇವುಗಳೊಂದಿಗೆ ಬಂದ ಪ್ರಶ್ನೆಗೆ ನಮ್ಮ ಕಡೆಯ ಜನ ನಿಜ ಹೇಳಿ ಸುಖಪಟ್ಟ ಒಂದು ಉದಾಹರಣೆಯಾದರೂ ತಮಗೆ ಗೊತ್ತೇ? ಪ್ರಶ್ನೆ ಅಧಿಕಾರಿಯ ವೇಷದಲ್ಲಿ ಬಂದರೆ ಉತ್ತರ ಪ್ರಜೆಯ ವೇಷದಲ್ಲೇ ಬರುತ್ತದೆ. ನೆಲವನ್ನು ಅಳೆಯುವ ವಿದ್ಯೆ ಕಲಿಸುವ ವಿಭಾಗ ಇದನ್ನೂ ಕಲಿಸಬೇಡವೇ? ಕಪ್ಪು ನೆಲದ ನಡುವೆ, ಸುತ್ತ ಎಲ್ಲೂ ಕಾಣದ ಬಣ್ಣದೆಲೆಯ ಕುಂಡಗಳು ಸಾಲಾಗಿ ನಿಂತಿರುವಾಗ, ಇವು ಇಲ್ಲಿಗೆ ಹೇಗೆ ಬಂದವು ಎಂದು ತಮ್ಮಂಥ ತಜ್ಞರಿಗೆ ಸಂಶಯ ಬರಬೇಡವೇ? ಮರದ ಸುಣ್ಣ ಇನ್ನೂ ಒಣಗಿರಲಿಲ್ಲವಂತೆ. ತಮ್ಮ ತೋಳಿಗೆ ಹತ್ತಿತು, ಸಿದ್ದರಾಯನೇ ಒರೆಸಿದ.

ತಮ್ಮ ಆದೇಶ ಬಂದ ಮೇಲೆ ಶೈಲಜಾ ಊರಿಗೆ ಬಂದಳು. ಇಬ್ಬರೂ ಸಂತೆಗೆ ಹೋದೆವು. ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಹುಲಿಗೆವ್ವ ಲಿಂಬೆಹಣ್ಣಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿ ಕೇಳಿದಳು:

"ಯವ್ವಾ ಶೈಲಾ, ನಿನ್ನ ಚಿತ್ರದಾಗ ನಾ ಅದೇನಿ ಅಂತ ಹೇಳಿದ್ಯಲ್ಲ. ನಿಮ್ಮ ಸಾಹೇಬ ಆಕಿ ಇಲ್ಲs ಇಲ್ಲ ಅಂದ್ನಂತ?"

"ಹಂಗ ಅಲ್ಲ ಆಯಿ. ಅವರಿಗೆ ನೀ ಕಾಣಲಿಲ್ಲ."

"ಕಾಣೂದೆಲ್ಲಿಂದ? ಡಂಗುರಾ ಕೇಳದ ಬಂದ ನಮ್ಮನ್ನ ಊರ ಗ್ವಾಡಿ ಹಿಂದ ನಿಂದರಿಸಿದ್ರು. ನಾ ಹಣಿಕಿ ಹಾಕಿ ನೋಡೇನಿ. ಬಿಸಲಾಗ ನಿಂತು ಬರಕೋತಿದ್ದ, ನೆರಳಿಗೆ ಬಾ ಅನ್ನಬೇಕಂದ್ರ ಒದರಬ್ಯಾಡ ಅಂದಾರ."

ಚಮನಸಾಬ ಎತ್ತಿನ ಗೊರಸಿನಿಂದ ತಲೆ ಎತ್ತದೆ ಹೇಳಿದ: "ಸುಣ್ಣಾ ಹೊಡದಾವ ನಾನs ರೀ ಬಾಯಾರ. ನಾ ಇಲ್ಲಿಲ್ಲ ಅನ್ನೂದಕ್ಕ ನನ್ನ ಕೈಲೇ ಬಣ್ಣಾ ಹಚ್ಚಿಸಿದ್ರು."

ಮಗಳು ನಕ್ಕಳು. ಮನೆಗೆ ಬಂದ ಮೇಲೆ ನಗಲಿಲ್ಲ. ಬೇರೆ ಸ್ಥಳ ಆರಿಸಿಕೊಂಡು ಮಳೆಗಾಲ ಮುಗಿಯುವುದರೊಳಗೆ ಬರೆದುಕೊಟ್ಟರೆ ಪದವಿ ಸಿಗುತ್ತದೆ. ಯಾವುದಾದರೂ ಗಿರಿಧಾಮದ ಉದ್ಯಾನ ತಗೋ ಎಂದು ಸಹಪಾಠಿಗಳು ಬರೆದಿದ್ದಾರೆ. ಅವಳ ತಂದೆ ವಕೀಲರು, ಅವರೂ ಅದನ್ನೇ ಹೇಳಿದರು. ನಾನೂ ಹೇಳಿದೆ.

"ಅವ್ವಾ, ನಾ ಈಗ ಬ್ಯಾರೆ ಜಾಗಾ ತಗೊಂಡ್ರ, ಇದನ್ನ ಮನಸಿಲೆ ಹುಟ್ಟಿಸಿ ಬರದಿದ್ದೆ ಅಂತ ಒಪ್ಪಿಕೊಂಡಂಗಾತು. ಮುಂದ ನಾ ಏನ ಬರದ್ರೂ ಯಾರ್ ನಂಬತಾರ?"

"ಪದವಿ ಹೋತಲ್ಲ?"

"ಹೋದ್ರ ಹೋಗ್ಲಿ."

ಇದು ಹಟವೋ ನ್ಯಾಯವೋ ನನಗೆ ಇಂದಿಗೂ ಖಚಿತವಿಲ್ಲ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಾನಾಗಿದ್ದರೆ ಗಿರಿಧಾಮಕ್ಕೆ ಹೋಗಿ, ಎರಡು ಬೆಟ್ಟದ ನಡುವೆ ಸೂರ್ಯನನ್ನು ಕೂರಿಸಿ ಪದವಿ ತಂದುಬಿಡುತ್ತಿದ್ದೆ. ಆದರೆ ಅವಳು ನೋಡಿದ್ದನ್ನು ನಾನೂ ಕಣ್ಣಾರೆ ನೋಡಿದ್ದೇನೆ. ನೋಡಿದ ಮೇಲೆ ಸುಮ್ಮನಿರುವುದು ಅಷ್ಟು ಸುಲಭವಾಗಿ ಉಳಿದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಅವಳನ್ನು ಪಾಸು ಮಾಡಿ ಎಂದು ಕೇಳುವುದಿಲ್ಲ. ವಿನ್ಯಾಸ ಕಳಪೆ ಎನ್ನಿಸಿದರೆ, ಸಸಿ ತಪ್ಪು ಜಾಗದಲ್ಲಿದ್ದರೆ, ನೀರಿನ ದೋಣಿ ಓರೆಯಾಗಿದ್ದರೆ ಧಾರಾಳವಾಗಿ ಫೇಲು ಮಾಡಿ. ಅದು ತಮ್ಮ ವಿದ್ಯೆ, ತಮ್ಮ ಹಕ್ಕು. 'ಕಲ್ಪಿತ' ಎಂಬ ಆ ಒಂದು ಮಾತನ್ನು ಮಾತ್ರ, ಮತ್ತೊಮ್ಮೆ ಬಂದು ನೋಡುವವರೆಗೆ, ಹಿಂದಕ್ಕೆ ತೆಗೆದುಕೊಳ್ಳಿ. ಬೆಳಿಗ್ಗೆ ಬನ್ನಿ, ಸಂಜೆಯವರೆಗೆ ಕೂರಿ. ನೆರಳು ಸರಿದಾಗ ತಾವೂ ಸರಿಯಿರಿ, ಇಲ್ಲದಿದ್ದರೆ ಜನ ಬೈಯುತ್ತಾರೆ. ಬೈದರೆ ಬೇಸರ ಬೇಡ. ನಮ್ಮ ಮಾತು ತಮ್ಮ ಕಡೆಯವರಿಗೆ ಜಗಳದಂತೆ ಕೇಳುತ್ತದೆಂದು ಬಲ್ಲೆ. ತಮ್ಮನ್ನು ಬೈದರೆಂದರೆ ಅವರು ಅಲ್ಲಿದ್ದಾರೆ ಎಂದೇ ಅರ್ಥ.

ಈ ಪತ್ರ ಬರೆಯುತ್ತಿರುವ ಸುದ್ದಿ ಸಿದ್ದರಾಯನ ಕಿವಿಗೂ ಬಿದ್ದಿದೆ. ನಿನ್ನೆ ಮತ್ತೆ ಬಂದಿದ್ದ. ತನ್ನಿಂದ ತಪ್ಪಾಯಿತೆಂದು ನಿಜವಾಗಿಯೂ ನೊಂದಿದ್ದಾನೆ.

"ಬರ್ಲಿ ಬಿಡ್ರಿ ಅಕ್ಕಾರ. ಈ ಸಲ ಮಂದೀನ ಕುಂಡ್ರಸತೇವಿ. ಎಷ್ಟ ಮಂದಿ ಬೇಕು ಹೇಳ್ರಿ. ಎಲ್ಲಾರಿಗೂ ಒಗದ ಅರಿವಿ ಹಾಕ್ಕೊಂಡು ಬರ್ರಿ ಅಂತ ಡಂಗುರಾ ಸಾರಸತೇನಿ."

ಸಿದ್ದರಾಯ, ನೀನು ಇದನ್ನು ಓದುತ್ತಿದ್ದರೆ, ಕೈಮುಗಿಯುತ್ತೇನೆ, ಏನೂ ಮಾಡಬೇಡಪ್ಪ.

ಮಾನ್ಯರೇ, ತಾವೂ ದಯವಿಟ್ಟು ಕಾರ್ಡು ಬರೆಯಬೇಡಿ. ಜೀಪು ಬೇಡ, ಇಂಡಿಯಲ್ಲಿ ಇಳಿದು ಹಳ್ಳಿಯ ಬಸ್ಸು ಹತ್ತಿ. ಬರುವ ದಿನವನ್ನು ಪಂಚಾಯಿತಿಗೆ ತಿಳಿಸಬೇಡಿ, ಮಗಳಿಗೆ ತಿಳಿಸಬೇಡಿ, ನನಗಂತೂ ತಿಳಿಸಲೇಬೇಡಿ. ತಿಳಿದರೆ ನಾನೂ ಆ ಊರಿನ ಮಗಳೇ. ತಡೆದುಕೊಳ್ಳಲಾರದೆ ಮನೆಯ ಒಳ್ಳೆಯ ಜಮಖಾನೆಯನ್ನು ಬೇವಿನ ಕೆಳಗೆ ಹಾಸಿಟ್ಟು ಕಾಯುತ್ತೇನೆ, ಚಮನಸಾಬನ ಎತ್ತು ಕೆಡವುವ ಜಾಗದಲ್ಲೇ.

ಇಂತಿ,
ತಮ್ಮ ದಾರಿಯನ್ನು ಕಾಯಬಾರದೆಂದು ನಿರ್ಧರಿಸಿಯೂ ಕಾಯುತ್ತಿರುವ,
ತಮ್ಮ ವಿದ್ಯಾರ್ಥಿನಿಯ ತಾಯಿ
ಸುಂದರವ್ವ
ಇಂಡಿ, ಏಪ್ರಿಲ್ ೧೯೭೮